ರೆಡಿಮೇಡ್ ಚಾಳೀಸು ಹಾಕಿಕೊಂಡು ಕಾದಂಬರಿ ಓದಬಹುದೇ? ತುಮಕೂರಿನ ಪೇಟೆಯಲ್ಲಿ ಸಿಗುವ ಕನ್ನಡಕಗಳ ವಿಮರ್ಶೆ

"ಮೊದಲೆಲ್ಲ ಕೂತ ಕಡೆಯೇ ಕಾದಂಬರಿ ಮುಗಿಸ್ತಿದ್ದೆ, ಈಗ ಎರಡು ಪುಟಕ್ಕೇ ಬೇಜಾರು." ನಲವತ್ತು ದಾಟಿ ಐದಾರು ವರ್ಷವಾದವರ ಬಾಯಲ್ಲಿ ಈ ಮಾತು ಸಾಮಾನ್ಯ. ಮೊಬೈಲನ್ನು ದೂರುತ್ತಾರೆ, ಕೆಲಸದ ಒತ್ತಡವನ್ನು ದೂರುತ್ತಾರೆ, ಓದುವ ಆಸಕ್ತಿಯೇ ಹೋಯಿತು ಅಂದುಕೊಂಡು ಪುಸ್ತಕಗಳನ್ನು ಅಟ್ಟಕ್ಕೆ ಹಾಕುತ್ತಾರೆ. ಅವರಲ್ಲಿ ಬಹಳ ಮಂದಿಗೆ ಆಸಕ್ತಿ ಇದ್ದ ಹಾಗೇ ಇದೆ, ಹೋಗಿರುವುದು ಹತ್ತಿರದ ದೃಷ್ಟಿ.

ಇದನ್ನು ಯಾವ ಖರ್ಚೂ ಇಲ್ಲದೆ ನೋಡಿಕೊಳ್ಳಬಹುದು. ರಜೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಅಮಾನಿಕೆರೆ ಪಾರ್ಕಿನ ಬೆಂಚಿನ ಮೇಲೆ ಹತ್ತು ಪುಟ ಓದಿ. ಅದೇ ಪುಸ್ತಕದ ಮುಂದಿನ ಹತ್ತು ಪುಟ ರಾತ್ರಿ ಮನೆಯ ಟ್ಯೂಬ್‌ಲೈಟಿನ ಕೆಳಗೆ ಓದಿ. ಬೆಳಗ್ಗೆ ಸಾಲುಗಳು ಸರಾಗವಾಗಿ ಓಡಿ, ರಾತ್ರಿ ಅದೇ ಲೇಖಕ ಬೋರು ಹೊಡೆಸಿದರೆ ಚಾಳೀಸು, ಅಂದರೆ ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುವ ತೊಂದರೆ, ಬಂದಿದೆ ಎಂದೇ ಲೆಕ್ಕ. ಬಿಸಿಲಲ್ಲಿ ಕಣ್ಣಿನ ಪಾಪೆ ಕಿರಿದಾಗುತ್ತದೆ. ಪಾಪೆ ಕಿರಿದಾದಷ್ಟೂ ಸ್ಪಷ್ಟವಾಗಿ ಕಾಣುವ ದೂರದ ಆಚೀಚಿನ ಅವಕಾಶ ಹೆಚ್ಚುತ್ತದೆ, ಹತ್ತಿರದ ನೋಟಕ್ಕೆ ಹೊಂದಿಕೊಳ್ಳಲಾರದ ಕಣ್ಣಿನ ಮಸೂರದ ಕೊರತೆ ಮುಚ್ಚಿಹೋಗುತ್ತದೆ. ರಾತ್ರಿ ಪಾಪೆ ಅಗಲವಾದಾಗ ಆ ಕೊರತೆ ಪೂರ್ತಿ ಬಯಲಾಗುತ್ತದೆ.

"ಔಷಧಿ ಸ್ಟ್ರಿಪ್ ಮೇಲಿನ ತಾರೀಖು ಓದ್ತೀನಲ್ಲ, ನನ್ನ ಕಣ್ಣು ಚೆನ್ನಾಗೇ ಇದೆ" ಎನ್ನುವವರೂ ಇದ್ದಾರೆ. ಅರ್ಧ ನಿಮಿಷಕ್ಕೆ ಕಣ್ಣು ತನ್ನ ಪೂರ್ತಿ ಶಕ್ತಿ ಹಾಕಬಲ್ಲದು, ಅರ್ಧ ಗಂಟೆ ಹಾಕಲಾರದು. 40 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದರೆ ಕಣ್ಣು 2.5 ಡಯಾಪ್ಟರ್‌ನಷ್ಟು ಹೊಂದಿಕೊಳ್ಳಬೇಕು (ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ ಅಳತೆ, ಕನ್ನಡಕದ ನಂಬರೂ ಇದರಲ್ಲೇ). ಆಯಾಸವಿಲ್ಲದೆ ಓದಬೇಕಾದರೆ ಕಣ್ಣಿನ ಒಟ್ಟು ಸಾಮರ್ಥ್ಯದ ಅರ್ಧದಷ್ಟು ಮೀಸಲು ಇರಬೇಕು, ಅಂದರೆ 5 ಡಯಾಪ್ಟರ್ ಬೇಕು. ಐವತ್ತರ ಹೊತ್ತಿಗೆ ಸರಾಸರಿ ಉಳಿದಿರುವುದು 3.5ರ ಆಸುಪಾಸು. ಹಾಗಾಗಿ ಬಿಲ್ಲು, ತಾರೀಖು, ವಾಟ್ಸಾಪ್ ಸಂದೇಶ ಎಲ್ಲ ನಡೆಯುತ್ತವೆ. ಕತೆ ಮಾತ್ರ ನಡೆಯುವುದಿಲ್ಲ. ಕಣ್ಣು ಸೋತದ್ದನ್ನು ಮನಸ್ಸು ಬೇಜಾರು ಎಂದು ತಿಳಿದುಕೊಳ್ಳುತ್ತದೆ.

ಕನ್ನಡ ಓದುವವರಿಗೆ ಈ ತೊಂದರೆ ಇನ್ನೂ ಬೇಗ ತಟ್ಟುತ್ತದೆ. ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಬಹಳ ಸಣ್ಣದು. 'ಅರ್ಥ' ಮತ್ತು 'ಅರ್ಧ' ಎರಡಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ಬ–ಭ, ಪ–ಷ–ಫ ಕೂಡ ಹೀಗೇ, ಅಲ್ಲಿ ಒಂದು ಗೆರೆ ಇಲ್ಲವೇ ಸೀಳು. ಅಂಥ ಗೆರೆ ಮಸುಕಾದಾಗ ಓದುಗ ಸಂದರ್ಭ ನೋಡಿ ಊಹಿಸುತ್ತಾನೆ. ಪ್ರತಿ ಸಾಲಿನಲ್ಲೂ ಎರಡು ಮೂರು ಊಹೆ ನಡೆದರೆ ಕತೆಯ ಕಡೆ ಗಮನ ಉಳಿಯುವುದು ಎಲ್ಲಿಂದ?

ಇನ್ನು ಸರಕಿನ ವಿಷಯ. ತುಮಕೂರಿನಲ್ಲಿ ಓದುವ ಕನ್ನಡಕ ಮೂರು ಬಗೆಯಲ್ಲಿ ಸಿಗುತ್ತದೆ. ಎಂ.ಜಿ. ರಸ್ತೆ, ಬಸ್ ಸ್ಟ್ಯಾಂಡ್ ಸುತ್ತಮುತ್ತಲ ತಳ್ಳುಗಾಡಿ, ಫ್ಯಾನ್ಸಿ ಸ್ಟೋರುಗಳಲ್ಲಿ ಸುಮಾರು 100ರಿಂದ 250 ರೂಪಾಯಿಗೆ ಸಿಗುವುದು ಒಂದು. ಆಪ್ಟಿಕಲ್ಸ್ ಅಂಗಡಿಗಳು ಡಬ್ಬಿ ಸಮೇತ ಕೊಡುವ ರೆಡಿಮೇಡ್ ಇನ್ನೊಂದು, ಸುಮಾರು 300ರಿಂದ 700. ಕಣ್ಣು ಪರೀಕ್ಷೆ ಮಾಡಿ, ಅಳತೆ ತೆಗೆದು, ಗಾಜು ಕೂರಿಸಿ ಕೊಡುವುದು ಮೂರನೆಯದು. ಬರಿಯ ಹತ್ತಿರದ ದೃಷ್ಟಿಗೆ ಮಾಡಿಸಿದರೆ ಸಾಧಾರಣ ಫ್ರೇಮಿನಲ್ಲಿ ಸಾವಿರದ ಆಸುಪಾಸಿನಿಂದ ಶುರು. ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಓದುವ ಆಸೆ ಇದ್ದವರಿಗೆ ಮೂರನೆಯದೇ ಸರಿ. ಆದರೆ ಓದು ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿರುವವರಿಗೆ, ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡ ಮೇಲೆ, ಎರಡನೆಯ ಬಗೆಯಿಂದ ಶುರು ಮಾಡುವುದರಲ್ಲಿ ತಪ್ಪೇನಿಲ್ಲ. ಗಾಡಿಯ ಮಾಲಿನಲ್ಲೂ ಒಳ್ಳೆಯದು ಸಿಗುತ್ತದೆ, ಆರಿಸಲು ಬರಬೇಕು ಅಷ್ಟೆ.

ಪವರ್ ಆರಿಸುವಲ್ಲೇ ಬಹುತೇಕರು ಎಡವುವುದು. ದೂರದ ದೃಷ್ಟಿಗೆ ಯಾವ ನಂಬರೂ ಇಲ್ಲದವರಿಗೆ 40–44ರ ವಯಸ್ಸಿನಲ್ಲಿ ಪ್ಲಸ್ 1, 45–49ಕ್ಕೆ ಪ್ಲಸ್ ಒಂದೂವರೆ, 50–54ಕ್ಕೆ ಪ್ಲಸ್ 2, ಆಮೇಲೆ ಎರಡೂಕಾಲರಿಂದ ಎರಡೂವರೆ ಎಂಬುದು ಹೆಚ್ಚುಕಡಿಮೆ ಲೆಕ್ಕ. ಅಂಗಡಿಯಲ್ಲಿ ಹಾಕಿ ನೋಡುವಾಗ ಜಾಸ್ತಿ ಪವರ್ ಯಾವಾಗಲೂ ಆಕರ್ಷಕ, ಏಕೆಂದರೆ ಅಕ್ಷರ ದಪ್ಪಗೆ, ಕಪ್ಪಗೆ ಕಾಣುತ್ತದೆ. "ಸರ್, ಇದ್ರಲ್ಲಿ ಚೆನ್ನಾಗಿ ಕಾಣ್ತಿದೆ ತಾನೇ?" ಅಂದರೆ ಯಾರಾದರೂ ಹೌದೆನ್ನುತ್ತಾರೆ. ಮನೆಗೆ ಬಂದ ಮೇಲೆ ಗೊತ್ತಾಗುವುದು, ಆ ಕನ್ನಡಕದಲ್ಲಿ ಪುಸ್ತಕವನ್ನು ಮೂಗಿನ ಹತ್ತಿರ ತರಬೇಕು ಎಂದು. ಪ್ಲಸ್ 3ರ ಗಾಜಿನ ನಾಭಿದೂರ, ಅಂದರೆ ಬೆಳಕು ಒಂದೆಡೆ ಕೂಡುವ ದೂರ, 33 ಸೆಂಟಿಮೀಟರ್. ಕಣ್ಣಿನ ಸ್ವಂತ ಹೊಂದಾಣಿಕೆ ಮುಗಿದವರಿಗೆ ಅದಕ್ಕಿಂತ ಆಚೆ ಎಲ್ಲವೂ ಮಂಜು. ಕೈ ಮಡಚಿ, ಕತ್ತು ಬಗ್ಗಿಸಿ ಓದಿದರೆ ಇಪ್ಪತ್ತು ನಿಮಿಷಕ್ಕೆ ಹೆಗಲು ಹಿಡಿಯುತ್ತದೆ, ಪುಸ್ತಕ ಮತ್ತೆ ಮೇಜಿನ ಮೇಲೆ.

ಸರಿಯಾದ ಕ್ರಮ ಇದು. ಅಂಗಡಿಗೆ ಹೋಗುವಾಗ ಓದಬೇಕೆಂದಿರುವ ಪುಸ್ತಕವನ್ನೇ ಚೀಲದಲ್ಲಿ ಇಟ್ಟುಕೊಳ್ಳಿ. ಅಲ್ಲಿನ ಪರೀಕ್ಷಾ ಪಟ್ಟಿಯಲ್ಲಿ ಎನ್6, ಎನ್8 ಎಂದು ಸಾಲುಗಳಿರುತ್ತವೆ, ಸಂಖ್ಯೆ ಅಕ್ಷರದ ಪಾಯಿಂಟ್ ಅಳತೆ. ಇಂಗ್ಲಿಷ್ ಪಟ್ಟಿ ಕೊಟ್ಟರೆ ಕನ್ನಡದ್ದು ಕೇಳಿ. ಇಂಗ್ಲಿಷಿನ ಎನ್8 ಓದಿದವರಿಗೆ ಅದೇ ಗಾತ್ರದ ಕನ್ನಡದ ಒತ್ತಕ್ಷರ ತಪ್ಪಿಹೋಗಬಹುದು. ಆಮೇಲೆ ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಮನೆಯಲ್ಲಿ ಹಿಡಿಯುವ ಹಾಗೇ ಪುಸ್ತಕ ಹಿಡಿಯಿರಿ. ಕಡಿಮೆ ಪವರಿನಿಂದ ಶುರು ಮಾಡಿ ಕಾಲು ಕಾಲು ಏರಿಸುತ್ತಾ ಹೋಗಿ. ಒತ್ತುಗಳು ಯಾವ ಪವರಿಗೆ ಮೊದಲ ಸಲ ಬಿಡಿಯಾಗಿ ಕಂಡವೋ ಅದೇ ನಿಮ್ಮದು, ಅದರ ಮುಂದಿನದು ಬೇಡ. ಆ ಪವರಿನಲ್ಲಿ ಪುಸ್ತಕವನ್ನು ಒಂದು ಗೇಣು ಆಚೆಗೂ ಸ್ವಲ್ಪ ಈಚೆಗೂ ಸರಿಸಿ ನೋಡಿ. ಎರಡೂ ಕಡೆ ತುಸು ಅವಕಾಶ ಇರಬೇಕು. ಅಂಗಡಿಯ ಬೆಳಕು ಕಣ್ಣು ಕೋರೈಸುವಷ್ಟಿದ್ದರೆ ಸ್ವಲ್ಪ ಒಳಗೆ, ನೆರಳಿನ ಕಡೆ ಹೋಗಿ ಇನ್ನೊಂದು ಪುಟ ಓದಿ. ಮನೆಯ ಬೆಳಕು ಅಷ್ಟೇ ಇರುವುದು.

ನಂತರ ಒಂದೊಂದೇ ಕಣ್ಣು ಮುಚ್ಚಿ ಓದಿ. ರೆಡಿಮೇಡ್‌ನಲ್ಲಿ ಎರಡೂ ಗಾಜು ಒಂದೇ ಪವರ್, ಸಿಲಿಂಡರ್, ಅಂದರೆ ಒಂದು ದಿಕ್ಕಿನ ಗೆರೆಗಳಷ್ಟೇ ಮಸುಕಾಗುವುದನ್ನು ಸರಿಪಡಿಸುವ ಪವರ್, ಇರುವುದೇ ಇಲ್ಲ. ಒಂದು ಕಣ್ಣಿಗೆ ಸ್ಪಷ್ಟ, ಇನ್ನೊಂದಕ್ಕೆ ಮಸುಕು, ಅಥವಾ ಅಕ್ಷರದ ಅಡ್ಡಗೆರೆ ಕಂಡು ನಿಲುಗೆರೆ ಎರಡೆರಡಾಗಿ ಕಂಡರೆ ರೆಡಿಮೇಡ್ ನಿಮಗಲ್ಲ. ಎಷ್ಟು ಬೆಲೆಯದಾದರೂ ಅಲ್ಲ. ಅಂಥವರು ನೇರವಾಗಿ ಪರೀಕ್ಷೆ ಮಾಡಿಸಿ ಗಾಜು ಹಾಕಿಸಬೇಕು. ಇನ್ನೊಂದು ಗುಂಪಿನವರು ಖರ್ಚೇ ಮಾಡಬೇಕಿಲ್ಲ: ಮೊದಲಿಂದಲೂ ಮೈನಸ್ 2, ಮೈನಸ್ ಎರಡೂವರೆ ಇದ್ದವರು ದೂರದ ಕನ್ನಡಕ ತೆಗೆದಿಟ್ಟರೆ 40–50 ಸೆಂಟಿಮೀಟರಿನಲ್ಲಿ ಪುಸ್ತಕ ತಾನಾಗಿ ಸ್ಪಷ್ಟವಾಗಿ ಕಾಣುತ್ತದೆ.

ರೆಡಿಮೇಡ್‌ನ ದೊಡ್ಡ ದೋಷ ಕಣ್ಣಿಗೆ ಕಾಣುವುದಿಲ್ಲ, ಅದು ಗಾಜುಗಳ ಕೇಂದ್ರದ ಅಂತರ. ಎಲ್ಲರ ಮುಖಕ್ಕೂ ಒಂದೇ ಅಳತೆ, ಸಾಮಾನ್ಯವಾಗಿ 60ರಿಂದ 64 ಮಿಲಿಮೀಟರ್. ಓದುವಾಗ ನಮ್ಮ ಪಾಪೆಗಳು ಒಳಕ್ಕೆ ತಿರುಗುತ್ತವೆ, ಅವುಗಳ ನಡುವಿನ ಅಂತರ ದೂರ ನೋಡುವಾಗಿನದಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಕಮ್ಮಿ. ಕಿರಿದಾದ ಮುಖದವರಿಗೆ ಆಗ ನೋಟ ಗಾಜಿನ ಕೇಂದ್ರ ಬಿಟ್ಟು ಮೂಗಿನ ಬದಿಯಿಂದ ಹಾಯುತ್ತದೆ. ಗಾಜು ಅಲ್ಲಿ ಬೆಳಕನ್ನು ಪಕ್ಕಕ್ಕೆ ಬಾಗಿಸುವ ಪ್ರಿಸಂ ಆಗಿ ಕೆಲಸ ಮಾಡಿ, ಕಣ್ಣುಗಳನ್ನು ಇನ್ನಷ್ಟು ಒಳಕ್ಕೆ ತಿರುಗಿಸಬೇಕಾಗುತ್ತದೆ. ಲೆಕ್ಕ ಸುಲಭ: ಸರಿದ ದೂರವನ್ನು ಸೆಂಟಿಮೀಟರಿನಲ್ಲಿ ತೆಗೆದು ಪವರಿನಿಂದ ಗುಣಿಸಿ. ಒಂದು ಕಣ್ಣಿಗೆ 3 ಮಿಲಿಮೀಟರ್ ಸರಿದರೆ ಪ್ಲಸ್ 1ರಲ್ಲಿ 0.3 ಪ್ರಿಸಂ, ಪ್ಲಸ್ ಎರಡೂವರೆಯಲ್ಲಿ 0.75, ಎರಡೂ ಕಣ್ಣು ಸೇರಿ ಒಂದೂವರೆ. ಮೊದಲನೆಯದು ಗೊತ್ತೂ ಆಗುವುದಿಲ್ಲ. ಎರಡನೆಯದು ಹುಬ್ಬಿನ ನಡುವೆ ನೋವು ತರಬಲ್ಲದು, ಒಂದು ಅಧ್ಯಾಯ ಮುಗಿಯುವ ಮೊದಲೇ. ಆದ್ದರಿಂದ ಪ್ಲಸ್ 2 ದಾಟಿದವರಿಗೆ ರೆಡಿಮೇಡ್ ಕನ್ನಡಕ ದೀರ್ಘ ಓದಿಗೆ ಬೇಡ ಎಂದೇ ನಮ್ಮ ಸಲಹೆ. ಬಿಲ್ಲು ನೋಡಲು ಒಂದು ಇಟ್ಟುಕೊಳ್ಳಿ, ಸಾಕು.

ಕೇಂದ್ರ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಬಿಳಿ ಹಾಳೆಯ ಮೇಲೆ ಸ್ಕೇಲಿಟ್ಟು ದೊಡ್ಡದಾಗಿ ಅಡ್ಡ–ಉದ್ದ ಗೆರೆ ಎಳೆಯಿರಿ. ಕನ್ನಡಕವನ್ನು ಹಾಳೆಯಿಂದ ಒಂದು ಗೇಣು ಮೇಲೆ ಹಿಡಿದು, ಒಂದು ಗಾಜಿನ ಮೂಲಕ ನೇರ ಮೇಲಿನಿಂದ ನೋಡುತ್ತಾ ಅತ್ತಿತ್ತ ಸರಿಸಿ. ಗಾಜಿನ ಒಳಗಿನ ಗೆರೆಗಳು ಹೊರಗಿನ ಗೆರೆಗಳ ಜೊತೆ ತುಂಡಾಗದೆ ಸೇರಿದಾಗ, ಅವು ಕೂಡುವ ಜಾಗವೇ ಕೇಂದ್ರ. ಸ್ಕೆಚ್ ಪೆನ್ನಿನಲ್ಲಿ ಚುಕ್ಕಿ ಇಡಿ. ಇನ್ನೊಂದು ಗಾಜಿಗೂ ಹೀಗೇ ಮಾಡಿ ಎರಡು ಚುಕ್ಕಿಗಳ ನಡುವಿನ ಅಂತರ ಅಳೆಯಿರಿ. ಒಂದು ಚುಕ್ಕಿ ಮೇಲೆ, ಇನ್ನೊಂದು ಕೆಳಗೆ ಬಂದರೆ ಆ ಜೋಡಿಯನ್ನು ವಾಪಸ್ ಕೊಡಿ. ಮೇಲೆ ಕೆಳಗಿನ ವ್ಯತ್ಯಾಸವನ್ನು ಕಣ್ಣು ಬಹಳ ಕಮ್ಮಿ ಸಹಿಸುತ್ತದೆ.

ಗಾಡಿಯ ಮುಂದೆ ನಿಂತೇ ಮಾಡಬಹುದಾದ ಇನ್ನೆರಡು ಪರೀಕ್ಷೆ ಇವೆ. ಕನ್ನಡಕವನ್ನು ಸ್ವಲ್ಪ ದೂರ ಹಿಡಿದು ಒಂದು ಗಾಜಿನ ಮೂಲಕ ಎದುರಿನ ಅಂಗಡಿಯ ಬಾಗಿಲ ಚೌಕಟ್ಟು ನೋಡಿ. ಮೆಲ್ಲಗೆ ಆಚೀಚೆ ಸರಿಸುವಾಗ ಗೆರೆ ನಡುನಡುವೆ ಅಲೆಅಲೆಯಾಗಿ ತುಳುಕಿದರೆ ಗಾಜಿನ ಅಚ್ಚು ಸರಿಯಿಲ್ಲ. ಸ್ಟಿಯರಿಂಗ್ ತಿರುಗಿಸುವ ಹಾಗೆ ತಿರುಗಿಸಿದಾಗ ಚೌಕಟ್ಟು ವಾಲಿದರೆ, ಇರಬಾರದ ಸಿಲಿಂಡರ್ ಸೇರಿಕೊಂಡಿದೆ. ಪವರಿನ ಸ್ಟಿಕ್ಕರ್ ನಂಬಬೇಕೋ ಬೇಡವೋ ಎಂದು ಅನುಮಾನವಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ಸಿಮೆಂಟ್ ನೆಲದ ಮೇಲೆ ಬೆಳಕಿನ ಚುಕ್ಕಿ ಬೀಳಿಸಿ: ಪ್ಲಸ್ 2ಕ್ಕೆ 50 ಸೆಂಟಿಮೀಟರಿನಲ್ಲಿ, ಪ್ಲಸ್ ಎರಡೂವರೆಗೆ 40ರಲ್ಲಿ ಚುಕ್ಕಿ ಅತಿ ಸಣ್ಣದಾಗಬೇಕು. ಕಾಗದ, ಬಟ್ಟೆಯ ಮೇಲೆ ಬೇಡ, ಹೊಗೆ ಏಳುತ್ತದೆ; ಗಾಜಿನ ಮೂಲಕ ಸೂರ್ಯನನ್ನಂತೂ ನೋಡಲೇಬಾರದು. ಇಷ್ಟು ಕಷ್ಟ ಬೇಡ ಅಂದರೆ ಯಾವುದಾದರೂ ಆಪ್ಟಿಕಲ್ಸ್‌ನಲ್ಲಿ ಪವರ್ ಅಳೆಯುವ ಲೆನ್ಸೋಮೀಟರಿಗೆ ಇಟ್ಟು ನೋಡಲು ಕೇಳಿಕೊಳ್ಳಿ, ಒಂದೆರಡು ನಿಮಿಷದ ಕೆಲಸ.

ಗಾಜಿನ ಮೇಲಿನ ಕೋಟಿಂಗ್ ಬಗ್ಗೆ ಎರಡೇ ಮಾತು. ಪ್ರತಿಫಲನ ತಡೆಯುವ ಕೋಟಿಂಗಿಗೆ ದುಡ್ಡು ಕೊಡಬಹುದು, ರಾತ್ರಿ ಹಿಂದಿನ ದೀಪದ ಬಿಂಬ ಗಾಜಿನ ಒಳಬದಿಯಲ್ಲಿ ಕಾಣುವುದು ತಪ್ಪುತ್ತದೆ. ನೀಲಿ ಬೆಳಕು ತಡೆಯುವ 'ಬ್ಲೂ ಕಟ್' ಎಂದು ಹೆಚ್ಚುವರಿ ಕೇಳಿದರೆ ಬೇಡ ಎನ್ನಿ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಕಂಪ್ಯೂಟರ್ ಬಳಸುವವರ ಕಣ್ಣಿನ ಆಯಾಸಕ್ಕೂ ಇದರಿಂದ ಅಲ್ಪಾವಧಿಯಲ್ಲಿ ಲಾಭವಾಗುವಂತೆ ಕಾಣುವುದಿಲ್ಲ ಎಂದಿದೆ. ಕಾಗದದ ಪುಸ್ತಕಕ್ಕಂತೂ ಅದರ ಮಾತೇ ಇಲ್ಲ.

ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಬೈಫೋಕಲ್, ಪ್ರೊಗ್ರೆಸಿವ್ ಇದ್ದವರು "ನನ್ನ ಹತ್ರ ಆಗಲೇ ಕನ್ನಡಕ ಇದೆಯಲ್ಲ" ಎನ್ನಬಹುದು. ಆಫೀಸಿಗೆ, ಸಂತೆಗೆ ಅವು ಅನುಕೂಲ. ಒಂದು ಗಂಟೆ ಕತೆ ಓದಲು ಅನುಕೂಲವಲ್ಲ. ಪ್ರೊಗ್ರೆಸಿವ್‌ನಲ್ಲಿ ಓದುವ ಭಾಗ ಗಾಜಿನ ಕೆಳತುದಿಯಲ್ಲಿ, ಅಗಲವೂ ಕಿರಿದು. ಸಾಲಿನ ಎಡ ತುದಿಯಿಂದ ಬಲಕ್ಕೆ ತಲೆಯನ್ನೇ ಆಡಿಸಬೇಕಾಗುತ್ತದೆ. ಒರಗಿ ಕೂತರೆ ಅಥವಾ ಮಲಗಿದರೆ ಆ ಭಾಗಕ್ಕೆ ನೋಟ ಇಳಿಯುವುದೇ ಇಲ್ಲ, ಗದ್ದ ಮೇಲೆತ್ತಬೇಕು. ಇಡೀ ಗಾಜಿಗೆ ಒಂದೇ ಪವರ್ ಇರುವ ಓದುವ ಕನ್ನಡಕ ಪುಸ್ತಕದ ಪಕ್ಕದಲ್ಲೇ ಇರಲಿ.

ಫ್ರೇಮು ನೀವು ಎಲ್ಲಿ ಓದುತ್ತೀರಿ ಎಂಬುದರ ಮೇಲೆ. ತುಮಕೂರು–ಬೆಂಗಳೂರು ನಡುವಿನ ಎಪ್ಪತ್ತು ಕಿಲೋಮೀಟರನ್ನು ದಿನಾ ರೈಲಿನಲ್ಲಿ ಓಡಾಡುವವರಿಗೆ ಅರ್ಧ ಗಾಜಿನ ಫ್ರೇಮೇ ಒಳ್ಳೆಯದು: ಕ್ಯಾತ್ಸಂದ್ರ ಬಂತೇ, ದಾಬಸ್‌ಪೇಟೆ ಬಂತೇ ಎಂದು ತಲೆ ಎತ್ತಿದಾಗ ಗಾಜಿನ ಮೇಲಿಂದ ಹೊರಗೆ ನೋಡಬಹುದು. ಪೂರ್ತಿ ಗಾಜಿನದಾದರೆ ಪ್ರತಿ ಸಲ ಕಳಚಬೇಕು. ಹಾಸಿಗೆಯಲ್ಲಿ ಓದುವವರಿಗೆ ಅರ್ಧ ಗಾಜು ಬೇಡ, ಎತ್ತರದ ಪೂರ್ತಿ ಗಾಜೇ ಬೇಕು. ಕಡ್ಡಿಗಳು ತೆಳ್ಳಗೆ, ಚಪ್ಪಟೆಯಾಗಿರಲಿ. ಮಗ್ಗುಲಾಗಿ ಮಲಗಿದಾಗ ದಪ್ಪ ಕಡ್ಡಿಯನ್ನು ದಿಂಬು ಒತ್ತಿ ಒಂದು ಗಾಜು ಕಣ್ಣಿನಿಂದ ಮೇಲಕ್ಕೆ ಎದ್ದುಬಿಡುತ್ತದೆ.

ಕನ್ನಡಕ ಸರಿಯಿದ್ದೂ ರಾತ್ರಿ ತ್ರಾಸ ಉಳಿದರೆ ಬೆಳಕನ್ನು ನೋಡಿ. ಅರವತ್ತರ ಕಣ್ಣಿನೊಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಓದಲು ಪುಟದ ಮೇಲೆ 300ರಿಂದ 500 ಲಕ್ಸ್ (ಪುಟಕ್ಕೆ ಬೀಳುವ ಬೆಳಕಿನ ಅಳತೆ) ಬೇಕು. ಸೀಲಿಂಗಿನ 9 ವಾಟ್ ಎಲ್‌ಇಡಿ ಬಲ್ಬು ಒಟ್ಟು ಸುಮಾರು 900 ಲ್ಯೂಮೆನ್ ಬೆಳಕು ಕೊಟ್ಟರೂ, ಪುಸ್ತಕ ಅದರಿಂದ 1.8 ಮೀಟರ್ ಕೆಳಗಿದ್ದರೆ ನೇರವಾಗಿ ಪುಟಕ್ಕೆ ಬೀಳುವುದು 45 ಲಕ್ಸ್ ಆಸುಪಾಸು. ಗೋಡೆಯಿಂದ ಮರಳಿ ಬರುವುದು ಸೇರಿದರೂ ಸಾಲದು. ಅದೇ ಬಲ್ಬನ್ನು ಬಾಗಿಸಬಹುದಾದ ಟೇಬಲ್ ಲ್ಯಾಂಪಿಗೆ ಹಾಕಿ ಅರ್ಧ ಮೀಟರಿಗೆ ತಂದರೆ 550 ದಾಟುತ್ತದೆ. ವಾಟ್ ಹೆಚ್ಚಿಸುವುದಕ್ಕಿಂತ ದೀಪವನ್ನು ಹತ್ತಿರ ತನ್ನಿ. ಹೆಗಲ ಹಿಂದಿನಿಂದ ಬೆಳಕು ಬರಲಿ, ಬಲ್ಬು ಕಣ್ಣಿಗೆ ಕಾಣಿಸದಿರಲಿ, ಕೋಣೆಯ ದೊಡ್ಡ ದೀಪವೂ ಉರಿಯುತ್ತಿರಲಿ. ಬಿ.ಎಚ್. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಲ್ಯಾಂಪ್ ಹಚ್ಚಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ, ತೆರೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ದೀಪ ಮಿನುಗುತ್ತಿದೆ, ಬೇರೆಯದು ತೆಗೆಸಿ. ಕರೆಂಟ್ ಹೋದಾಗಿನ ಓದಿಗೆ ಪುಸ್ತಕಕ್ಕೇ ಸಿಕ್ಕಿಸುವ ಚಾರ್ಜಿಂಗ್ ದೀಪಗಳೂ ಇವೆ. ಎರಡೂ ಪುಟಕ್ಕೆ ಸಮನಾಗಿ ಬೆಳಕು ಬೀಳುವುದು ಕಡಿಮೆ, ತುರ್ತಿಗೆ ಪರವಾಗಿಲ್ಲ.

ಪುಸ್ತಕ ಕೊಳ್ಳುವಾಗಲೂ ಒಂದು ಪುಟ ತಿರುಗಿಸಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ 'ಡೆಮಿ 1/8, 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೋ' ಎಂಬಂಥ ವಿವರ ಕನ್ನಡದ ಬಹಳಷ್ಟು ಪುಸ್ತಕಗಳಲ್ಲಿ ಇರುತ್ತದೆ. ಎನ್.ಎಸ್. ಎಂದರೆ ಕೆನೆಬಣ್ಣದ ಕಾಗದ, ದೀಪದಡಿ ಬಿಳಿ ಕಾಗದದಷ್ಟು ಹೊಳೆಯುವುದಿಲ್ಲ. ಜಿಎಸ್‌ಎಂ (ಕಾಗದದ ತೂಕ) ತೀರಾ ಕಮ್ಮಿಯಿದ್ದರೆ ಹಿಂದಿನ ಪುಟದ ಮಸಿ ಈಚೆಗೆ ಕಂಡು ಒತ್ತಕ್ಷರಗಳ ಜೊತೆ ಕಲಸಿಹೋಗುತ್ತದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಓದುವವರು ಫೋನನ್ನು ಅಡ್ಡ ಹಿಡಿಯಲಿ. 14 ಸೆಂಟಿಮೀಟರ್ ಅಗಲದ ಡೆಮಿ ಪುಟ 7 ಸೆಂಟಿಮೀಟರ್ ಅಗಲದ ತೆರೆಗೆ ಇಳಿದರೆ 12 ಪಾಯಿಂಟಿನ ಅಕ್ಷರ 6 ಪಾಯಿಂಟ್ ಆಗುತ್ತದೆ, ಅಡ್ಡ ಹಿಡಿದರೆ ಹೆಚ್ಚುಕಡಿಮೆ ಮೂಲ ಗಾತ್ರವೇ ಸಿಗುತ್ತದೆ.

ಕನ್ನಡಕ ಕಣ್ಣಿನ ತೊಂದರೆ ಕಳೆಯುತ್ತದೆ, ಬಿಟ್ಟುಹೋದ ಅಭ್ಯಾಸವನ್ನು ತಾನೇ ತರುವುದಿಲ್ಲ. ಅದಕ್ಕೆ ಮೊದಲ ಎರಡು ವಾರ ಎಂಟು ಹತ್ತು ಪುಟದ ಸಣ್ಣಕತೆಗಳೇ ಒಳ್ಳೆಯವು. ಹೊಸ ಗಾಜಿಗೆ ಹೊಂದುವವರೆಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು, ಒಂದು ಕತೆ ಅಷ್ಟರಲ್ಲಿ ಮುಗಿಯುತ್ತದೆ. ಮುಗಿಸಿದ ತೃಪ್ತಿ ಮರುದಿನ ಪುಸ್ತಕ ತೆಗೆಸುತ್ತದೆ. ಕಾಲೇಜಿನ ದಿನಗಳಲ್ಲಿ ಇಷ್ಟಪಟ್ಟಿದ್ದ ಕಾದಂಬರಿಯನ್ನು ಮತ್ತೆ ಓದುವುದೂ ಚೆನ್ನ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಮುದ್ರಣವೂ ಹೊಸತೂ ಎರಡೂ ಇದ್ದರೆ ಹೊಸತನ್ನೇ ಕೇಳಿ. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕಗಳು ನೋಡಲು ಎಷ್ಟೇ ಚೆಂದವಿದ್ದರೂ, ಸವೆದ ಮೊಳೆಯ ಒತ್ತುಗಳನ್ನು ಆಮೇಲೆ ಓದಿಕೊಂಡರಾಯಿತು. ಅಕ್ಷರ ಇದೆ ಎಂಬುದೇ ಮರೆತು ಪಾತ್ರಗಳು ಮಾತಾಡತೊಡಗುವ ಆ ಸುಖ, ಬೆಳಕೂ ಗಾಜೂ ಸರಿಯಿದ್ದರೆ, ಐವತ್ತೈದಕ್ಕೂ ಹದಿನೆಂಟರಲ್ಲಿದ್ದ ಹಾಗೇ ಸಿಗುತ್ತದೆ.

ಡಾಕ್ಟರ ಹತ್ತಿರ ತಡಮಾಡದೆ ಹೋಗಬೇಕಾದ ಸಂದರ್ಭಗಳಿವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರಿಳಿದಂತೆ ಕಣ್ಣಿನ ಮಸೂರವೂ ಬದಲಾಗಿ, ಈ ವಾರ ಸರಿಹೋದ ಪವರ್ ಮುಂದಿನ ತಿಂಗಳು ಸರಿಹೋಗದು. ಸಕ್ಕರೆ ಒಂದು ಹದಕ್ಕೆ ಬಂದ ಮೇಲೆ ಕನ್ನಡಕ ಮಾಡಿಸಿ. ಅರವತ್ತು ದಾಟಿದ ಹಿರಿಯರು "ಈಗ ಕನ್ನಡಕ ಇಲ್ದೇನೇ ಪೇಪರ್ ಓದ್ತೀನಿ" ಎಂದು ಖುಷಿಪಟ್ಟರೆ ಅದು ಪೊರೆ ಬೆಳೆಯುತ್ತಿರುವ ಸೂಚನೆಯಾಗಿರಬಹುದು. ಗೆರೆಗಳು ಸೊಟ್ಟಗೆ ಕಂಡರೆ, ನಡುವಿನ ಅಕ್ಷರವೇ ಮಾಯವಾದರೆ, ಅಂಗಡಿಯ ಕಡೆ ಹೋಗಲೇಬೇಡಿ, ಆಸ್ಪತ್ರೆಗೆ ಹೋಗಿ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಸಾಮಾನ್ಯವಾಗಿ ನೋವು ಕೊಡದೆ ಬರುತ್ತದೆ, ಚಾಳೀಸು ಪರೀಕ್ಷೆಯ ಜೊತೆಗೇ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ.

ಗಾಜನ್ನು ಪಂಚೆ, ಸೀರೆ ಸೆರಗಿನಿಂದ ಒಣಗಲ್ಲಿ ಒರೆಸಬೇಡಿ. ನಲ್ಲಿ ನೀರಿನಲ್ಲಿ ಧೂಳು ತೊಳೆದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಎರಡು ವರ್ಷಕ್ಕೊಮ್ಮೆ ಪವರ್ ನೋಡಿಸಿ. ಅರವತ್ತರ ಹೊತ್ತಿಗೆ ಏರುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಪವರ್ ಏರಿದಾಗ ಹಳೆಯದನ್ನು ಎಸೆಯಬೇಡಿ. ಕಡಿಮೆ ಪವರ್ ಸ್ವಲ್ಪ ದೂರದ ಕೆಲಸಕ್ಕೆ ಹೊಂದುತ್ತದೆ, ಹಳೆಯ ಪ್ಲಸ್ ಒಂದೂವರೆ ಕಂಪ್ಯೂಟರ್ ಮುಂದೆ ಅಥವಾ ಅಡುಗೆಮನೆಯಲ್ಲಿ ಅಕ್ಕಿ ಆರಿಸಲು ಇನ್ನೂ ಕೆಲವು ವರ್ಷ ಬರುತ್ತದೆ.